ಹಿಂದಿನ ಕೋಣೆಯ ತಾಲೀಮು

ಮಾರ್ಚ್ 3, ಸಂಜೆ

ಏಣಿ ಇವತ್ತೂ ಅತ್ತಳು. ಅದೇ ಜಾಗದಲ್ಲಿ — ಪಂಪ್ ರೂಮ್ ಅನ್ನುವ ಮಾತು ಬಂದ ಕೂಡಲೇ. ನೀರು ಕೊಟ್ಟು, ಮತ್ತೆ ಮೊದಲಿಂದ ಅಂದೆ. ಮತ್ತೆ ಅತ್ತಳು. ಮತ್ತೆ ಮೊದಲಿಂದ.

ಏಣಿ ಅಂತ ಹೆಸರಿಟ್ಟದ್ದು ನಾನಲ್ಲ, ಅಗ್ನಿಶಾಮಕ ಠಾಣೆಯ ಗಂಡಸರು. ಅಲ್ಲಿ ಇವಳೊಬ್ಬಳೇ ಹೆಂಗಸು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಮೊದಲು ಹಂಗಿಸೋಕೆ ಇಟ್ಟರಂತೆ, ಆಮೇಲೆ ಅದೇ ನಿಂತಿತಂತೆ. ಫೋನ್ ಮಾಡಿದರೂ "ಮೇಡಂ, ಏಣಿ ಮಾತಾಡ್ತಿರೋದು" ಅಂತಲೇ ಶುರು.

ಕೇಸು ಇಷ್ಟೇ. ಬ್ರೀಫ್ ಬರೆಯುವ ಚಟ ಡೈರಿಯಲ್ಲೂ ಬಿಡಲ್ಲ ನನಗೆ. ಮೂರನೇ ತಿಂಗಳಲ್ಲಿ ಪಂಪ್ ರೂಮಿನ ಬಾಗಿಲಲ್ಲಿ ಠಾಣಾಧಿಕಾರಿಗೆ ಹೇಳಿದಳು — ಬಸುರಿ ಇದ್ದೀನಿ, ಡಾಕ್ಟರು ಭಾರ ಎತ್ತಬಾರದು ಅಂದಿದ್ದಾರೆ, ಹಗುರ ಕೆಲಸ ಕೊಡಿ ಅಂತ. ಆತ ಅದೇ ಮಧ್ಯಾಹ್ನ ಗೋಡೌನ್ ಬೆಂಕಿಗೆ ಕಳಿಸಿದ. ನೀರು ತುಂಬಿದ ಹೋಸ್ ಪೈಪು ಹೊತ್ತು ಮೆಟ್ಟಿಲು ಹತ್ತಿದಳು. ಮಗು ಹೋಯಿತು. ಇಲಾಖೆ ಏನಂತು? ಅವಳು ಹೇಳಲೇ ಇಲ್ಲ, ಮುಚ್ಚಿಟ್ಟು ಡ್ಯೂಟಿಗೆ ಬಂದು ಎಲ್ಲರ ಜೀವಕ್ಕೂ ಅಪಾಯ ತಂದಳು ಅಂತು. ಕೆಲಸದಿಂದ ತೆಗೆದರು. ಸುಳ್ಳುಗಾರ್ತಿ ಅನ್ನುವ ಹಣೆಪಟ್ಟಿ ಬೇರೆ. ಅವಳು ಹೇಳಿದಾಗ ಪಕ್ಕದಲ್ಲಿ ನರಪಿಳ್ಳೆ ಇರಲಿಲ್ಲ. ಅವಳ ಮಾತು, ಅವನ ಮಾತು. ಅಷ್ಟರ ಮೇಲೆ ನಿಂತಿದೆ ಎಲ್ಲ.

"ಕೆಲಸ ವಾಪಸ್ ಬೇಡ ಮೇಡಂ. ನಾನು ಹೇಳಿದ್ದೆ ಅಂತ ಅವರು ಒಪ್ಪಿದ್ರೆ ಸಾಕು."

ಕೆಲಸಾನೂ ಕೊಡಿಸ್ತೀನಿ ಅಂದೆ. ದೊಡ್ಡ ಮಾತು. ಟೀವಿಯಲ್ಲಿ ಮಾತಾಡಿ ಮಾತಾಡಿ ನನಗೆ ದೊಡ್ಡ ಮಾತೇ ಬಾಯಿಗೆ ಬರೋದು.

ಮಾರ್ಚ್ 6

ಆಫೀಸಿನ ಹಿಂದಿನ ಕೋಣೆಗೆ ಅಕ್ಕ ಇಟ್ಟ ಹೆಸರು ಗರಡಿಮನೆ. ಮನೆಯ ಮುಂಭಾಗವೇ ಆಫೀಸಾದ್ದರಿಂದ ಅವಳಿಗೆ ಎಲ್ಲ ಕೇಳಿಸುತ್ತೆ. ಇವತ್ತು ಊಟಕ್ಕೆ ಕೂತಾಗ ಶುರು ಮಾಡಿದಳು.

"ಆ ಹುಡುಗೀನ ಯಾಕೆ ಹಾಗೆ ಗೋಳುಹೊಯ್ಕೊಳ್ತೀಯೇ? ನಾನು ಮಕ್ಕಳಿಗೆ ಲೆಕ್ಕ ಕಲಿಸುವಾಗಲೂ ಅಷ್ಟು ಬೆಂಡೆತ್ತಿದ್ದಿಲ್ಲ."

"ಇಲ್ಲಿ ಅತ್ತು ಮುಗಿಸಿದ್ರೆ ಅಲ್ಲಿ ಅಳಲ್ಲ."

"ಅಲ್ಲಿ ಅತ್ತರೆ ಏನಾಯ್ತು?"

ಏನಾಯ್ತು ಅಂತ ಇವಳಿಗೆ ಹೇಗೆ ಹೇಳೋದು. ನಾನು ಒಂಟಿಯಾಗಿ ನಡೆಸಿದ ಮೊದಲ ಕೇಸು — ಗಿರಣಿಯ ಟೈಪಿಸ್ಟ್. ನಿಜ ಹೇಳ್ತಿದ್ದಳು. ಕಟಕಟೆ ಹತ್ತಿ ಬಿಕ್ಕಿ ಬಿಕ್ಕಿ ಅತ್ತಳು, ಒಂದು ಪ್ರಶ್ನೆಗೂ ಉತ್ತರ ಬರಲಿಲ್ಲ. "ಭಾವಾವೇಶದ ಸಾಕ್ಷಿ, ನೆಚ್ಚಲಾಗದು" ಅಂತ ಬರೆದರು ತೀರ್ಪಿನಲ್ಲಿ. ಅವತ್ತೇ ತೀರ್ಮಾನ ಮಾಡಿದೆ. ನನ್ನ ಕಕ್ಷಿಗಾರರು ಇನ್ನು ಅಳಲ್ಲ. ಎದುರಿನ ವಕೀಲ ಕೇಳಬಹುದಾದ ಅತ್ಯಂತ ಕೆಟ್ಟ ಪ್ರಶ್ನೆಯನ್ನ ನಾನೇ ಮೊದಲು ಕೇಳಿರ್ತೀನಿ. ಆಮೇಲೆ ಗೆದ್ದೆ. ಬ್ಯಾಂಕಿನವರನ್ನ, ವಿಮಾನದವರನ್ನ, ಒಂದು ಇಡೀ ವಿಶ್ವವಿದ್ಯಾಲಯವನ್ನ. ಎಲ್ಲ ಈ ಕೋಣೆಯಲ್ಲೇ ಗೆದ್ದದ್ದು. ಕೋರ್ಟಿಗೆ ಹೋಗಿ ಬಂದದ್ದು ಬರೀ ಶಾಸ್ತ್ರಕ್ಕೆ.

ಮಾರ್ಚ್ 11

ಇವತ್ತು ಆ ಪ್ರಶ್ನೆ ಕೇಳಿದೆ. ಗಂಟಲು ಗಂಡಸಿನ ಹಾಗೆ ಮಾಡಿಕೊಂಡು, ಮೇಜಿನ ಮೇಲೆ ಕೈಯೂರಿ —

"ಬಸುರಿ ಅಂತ ಗೊತ್ತಿದ್ದೂ ಹೋಸ್ ಹೊತ್ತವಳು ನೀನೇ ತಾನೇ? ಬೇಡ ಅನ್ನಬಹುದಿತ್ತಲ್ಲ? ನಿಜ ಹೇಳು, ಮಗು ಬೇಕಿತ್ತಾ ನಿನಗೆ?"

ಎದ್ದು ಹೊರಗೆ ಹೋದಳು. ಹಿತ್ತಲಲ್ಲಿ ನಲ್ಲಿ ಬಿಟ್ಟ ಸದ್ದು. ಇನ್ನು ಬರಲ್ಲ ಅಂದುಕೊಂಡೆ. ಬಂದಳು. ಮುಖ ಒರೆಸಿಕೊಂಡು ಕುರ್ಚಿಯಲ್ಲಿ ಕೂತು, "ಇನ್ನೊಂದ್ಸಲ ಕೇಳಿ" ಅಂದಳು.

ಕೇಳಿದೆ.

ಅವಳು ಹೊರಟ ಮೇಲೆ ನಾನೂ ಹಿತ್ತಲಿಗೆ ಹೋಗಿ ಮುಖ ತೊಳೆದೆ. ಬರೆದಿಟ್ಟಿರಲಿ.

ಮಾರ್ಚ್ 19, ಸಂಜೆ

ಅಳಲಿಲ್ಲ! ಒಂದು ಹನಿ ಇಲ್ಲ. ಬೆನ್ನು ನೆಟ್ಟಗೆ, ದನಿ ನೆಟ್ಟಗೆ. "ಬೆಳಗಿನ ಹಾಜರಿ ಮುಗಿದ ನಂತರ, ಪಂಪ್ ರೂಮಿನ ಬಾಗಿಲಲ್ಲಿ, ನಾನು ಗರ್ಭಿಣಿ ಎಂದೂ ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದಾರೆಂದೂ ಅಧಿಕಾರಿಗೆ ಸ್ಪಷ್ಟವಾಗಿ ತಿಳಿಸಿದೆ." ಎಲ್ಲಿಂದ ತಡೆದರೂ ಅಲ್ಲಿಂದಲೇ ಎತ್ತಿಕೊಳ್ತಾಳೆ. ಮಗು ಬೇಕಿತ್ತಾ ಅಂದರೆ "ಬೇಕಿತ್ತು" ಅಂತ ಒಂದೇ ಮಾತು. ಸಾಕು.

ಟೀ ತಂದ ಅಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಏಣಿ ಹೋದ ಮೇಲೆ, "ಮಗ್ಗಿ ಒಪ್ಪಿಸಿದ ಹಾಗಿತ್ತು" ಅಂದಳು.

ಲೆಕ್ಕದ ಮೇಷ್ಟ್ರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಉಂಟಾ. ಖುಷಿಯಾಯಿತು.

ಮಾರ್ಚ್ 21

ಇಲಾಖೆಯ ಪರ ಯಾರು ಅಂತ ಗೊತ್ತಾಯಿತು. ಚೂಟಿ! ನನ್ನ ಬಳಿ ಜೂನಿಯರ್ ಆಗಿ ಬಂದಾಗ ಕಪ್ಪು ಕೋಟಿನ ಗುಂಡಿ ಹಾಕೋಕೆ ಬರ್ತಿರಲಿಲ್ಲ. ಈಗ ಸರ್ಕಾರದ ದೊಡ್ಡ ವಕೀಲೆ. ಪಾಪ, ನನ್ನೆದುರು ನಿಲ್ಲಬೇಕಲ್ಲ ಅಂತ ಅಕ್ಕನ ಹತ್ರ ನಕ್ಕೆ.

ಏಪ್ರಿಲ್ 2

ಬರೆಯೋಕೆ ಮನಸ್ಸಿಲ್ಲ. ಬರೀದೆ ಇದ್ದರೆ ಇನ್ನೂ ಕಷ್ಟ.

ಏಣಿ ಕಟಕಟೆಯಲ್ಲಿ ಚೆನ್ನಾಗಿ ನಿಂತಿದ್ದಳು. ಚೂಟಿ ಕೂಗಲಿಲ್ಲ, ಮೇಜು ಗುದ್ದಲಿಲ್ಲ. ಮಗು ಬೇಕಿತ್ತಾ ಅಂತ ಕೇಳಲೂ ಇಲ್ಲ. ಮೆತ್ತಗೆ, "ಅವತ್ತು ಅಧಿಕಾರಿಗೆ ಹೇಗೆ ಹೇಳಿದಿರಿ, ಹೇಳಿ" ಅಂದಳು. ಏಣಿ ಹೇಳಿದಳು. "ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದ್ಸಲ." ಹೇಳಿದಳು.

ಆಗಲೇ ನನಗೆ ಹೊಳೆಯಿತು. ಅದು ನನ್ನ ಪಟ್ಟು. ನಿಜ ಹೇಳುವವರು ಪ್ರತಿ ಸಲ ಒಂಚೂರು ಬೇರೆ ಹೇಳ್ತಾರೆ, ಎಲ್ಲೋ ತಡೀತಾರೆ, ಏನೋ ಸೇರಿಸ್ತಾರೆ. ಬಾಯಿಪಾಠ ಮಾಡಿದವರು ಅಕ್ಷರ ಬದಲಿಸಲ್ಲ. ಎಷ್ಟು ಮ್ಯಾನೇಜರುಗಳನ್ನ ಹೀಗೆ ಹಿಡಿದಿದ್ದೀನಿ. ಆಗೆಲ್ಲ ಚೂಟಿ ನನ್ನ ಪಕ್ಕದಲ್ಲೇ ಕೂತು ನೋಡ್ತಿದ್ದಳು. ಗುರುವಿಗೇ ತಿರುಮಂತ್ರ.

ಆಬ್ಜೆಕ್ಷನ್ ಅಂದೆ, ಕೇಳಿದ್ದನ್ನೇ ಕೇಳ್ತಿದ್ದಾರೆ ಅಂತ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ನೀವೇ ಕೇಳೋ ಪ್ರಶ್ನೆ ಅಲ್ವಾ ಮೇಡಂ ಇದು?" ಕೋರ್ಟ್ ಹಾಲೆಲ್ಲ ನಕ್ಕಿತು.

"ಈಗ ನಿಮ್ಮ ಮಾತಲ್ಲೇ ಹೇಳಿ. ಮನೇಲಿ ಹೇಳೋ ಹಾಗೆ."

ಏಣಿ ನನ್ನ ಕಡೆ ನೋಡಿದಳು. ಬಾಯಿ ತೆರೆದಳು, ಏನೋ ಬರುವ ಹಾಗಿತ್ತು. ಏನು ಮಾಡಲಿ, ಅಭ್ಯಾಸ — ಬೇಡ ಅಂತ ನಾನು ಸಣ್ಣಗೆ ತಲೆಯಾಡಿಸಿಬಿಟ್ಟೆ. ತಾಲೀಮಿನಲ್ಲಿ ಅವಳು ಪಾಠ ಬಿಟ್ಟು ಹೋದಾಗ ಆಡಿಸ್ತಿದ್ದ ಹಾಗೆ.

"ಬೆಳಗಿನ ಹಾಜರಿ ಮುಗಿದ ನಂತರ, ಪಂಪ್ ರೂಮಿನ ಬಾಗಿಲಲ್ಲಿ…"

ಒಂದಕ್ಷರ ಬದಲಾಗಲಿಲ್ಲ. ಚೂಟಿ "ಇಷ್ಟೇ" ಅಂತ ಕೂತಳು.

ಏಪ್ರಿಲ್ 3

ಕಾರಿಡಾರಿನಲ್ಲಿ ಚೂಟಿ ಸಿಕ್ಕಳು. ಕಾಲಿಗೆ ಬೀಳೋಕೆ ಬಗ್ಗಿದಳು, ಬೇಡ ಅಂದೆ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಅವರು ಒಂದೇ ಒಂದ್ಸಲ ತಡವರಿಸಿದ್ರೂ ನಾನು ಅಲ್ಲಿಗೇ ಬಿಟ್ಟುಬಿಡ್ತಿದ್ದೆ. ನಿಮ್ಮಾಣೆ."

ನಂಬಿದೆ. ಅದೇ ನೋವು.

ಏಪ್ರಿಲ್ 24

ಸೋತೆವು.

"ಇಷ್ಟು ದೊಡ್ಡ ನಷ್ಟ ಅನುಭವಿಸಿದ ತಾಯಿಯ ದನಿಯಲ್ಲಿ ಅದರ ಸುಳಿವೂ ಕಾಣಲಿಲ್ಲ. ಹೇಳಿಕೆ ಕಲಿಸಿಕೊಟ್ಟಂತಿದೆ. ಅಧಿಕಾರಿಗೆ ವಿಷಯ ತಿಳಿಸಿದ್ದರೆಂದು ನಂಬಲು ಆಧಾರವಿಲ್ಲ." ಓದುವಾಗ ನಾನು ಏಣಿಯ ಕಡೆ ನೋಡಲಿಲ್ಲ. ಅಷ್ಟು ಧೈರ್ಯ ನನಗಿಲ್ಲ ಅಂತ ಇವತ್ತು ಗೊತ್ತಾಯಿತು.

ಅಪೀಲು ಹಾಕಬಹುದು. ಆದರೆ ಸಾಕ್ಷಿಯನ್ನು ಕಣ್ಣಾರೆ ಕಂಡ ಕೋರ್ಟು ನಂಬಲಿಲ್ಲ ಅಂದಮೇಲೆ ಮೇಲಿನವರು ನಂಬೋದು ಅಪರೂಪ. ಹಾಗಂತ ಹೇಳಿದೆ. ಅವಳು ತಲೆಯಾಡಿಸಿದಳು. "ನಾನು ತಪ್ಪೇನಾದ್ರೂ ಹೇಳಿದ್ನಾ ಮೇಡಂ? ಒಂದು ಮಾತೂ ಬಿಡಲಿಲ್ಲ ಅಲ್ವಾ?"

ಬಿಡಲಿಲ್ಲ ಅಂದೆ.

ಅಧಿಕಾರಿ ಮೆಟ್ಟಿಲಿಳಿಯುತ್ತಾ ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳ್ತಿದ್ದ — "ಕೋರ್ಟೇ ಹೇಳ್ತಲ್ಲ, ಸುಳ್ಳು ಅಂತ." ಅವಳಿಗೂ ಕೇಳಿಸಿತು.

ಏಪ್ರಿಲ್ 27

ವಕೀಲೆಯರ ಸಂಘದ ಸನ್ಮಾನ. ತಿಂಗಳ ಹಿಂದೆಯೇ ಗೊತ್ತಾಗಿದ್ದದ್ದು, ಆಹ್ವಾನ ಪತ್ರಿಕೆ ಅಚ್ಚಾಗಿಹೋಗಿತ್ತು. ಹೋಗಲ್ಲ ಅಂದೆ. ಅಕ್ಕ ಸೀರೆ ತೆಗೆದಿಟ್ಟಳು, ಹೋದೆ. ದನಿಯಿಲ್ಲದವರ ದನಿ ಅಂತ ಹೊಗಳಿದರು. ಮಾತಾಡೋಕೆ ನಿಂತೆ. ನಡುಗಲಿಲ್ಲ, ತಡವರಿಸಲಿಲ್ಲ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚೆನ್ನಾಗಿಯೇ ಮಾತಾಡಿದೆ. ಅದೇ ಹೇಸಿಗೆ.

ಮೇ 9

ಹನ್ನೆರಡು ದಿನ ಏನೂ ಬರೆದಿಲ್ಲ. ಹೊಸ ಕೇಸು ತಗೊಂಡಿಲ್ಲ. ಜೂನಿಯರುಗಳು ಪಿಸುಗುಡ್ತಾರೆ, ಮೇಡಂಗೆ ಬಿ.ಪಿ. ಅಂತ.

ಇವತ್ತು ಏಣಿ ಬಂದಳು. ಹೇಳದೆ ಕೇಳದೆ. ಒಂದು ದೊಡ್ಡ ಅಂಗಡಿಯ ಸ್ಟೋರಿನಲ್ಲಿ ಕೆಲಸ ಸಿಕ್ಕಿದೆಯಂತೆ, ಮೇಲಿನ ಶೆಲ್ಫಿನ ಡಬ್ಬಗಳನ್ನು ಇಳಿಸಿಕೊಡೋದು. "ಏಣಿ ಕೆಲಸಾನೇ ಸಿಕ್ತು ಮೇಡಂ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಬಯ್ಯೋಕೆ ಬಂದಿರಬಹುದು ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ಒಂದು ಕೇಳಬೇಕಿತ್ತು. ಮನೇಲಿ ಒಬ್ಬಳೇ ಕೂತಾಗ ಆ ದಿನ ನೆನೆಸ್ಕೊಳಕ್ಕೆ ನೋಡ್ತೀನಿ. ಬರಲ್ಲ. ಬೆಳಗಿನ ಹಾಜರಿ ಮುಗಿದ ನಂತರ ಅಂತ ನಾವು ಮಾಡ್ಕೊಂಡಿದ್ವಲ್ಲ, ಅದೇ ಬರುತ್ತೆ. ಅದರ ಹಿಂದೆ ಏನೂ ಇಲ್ಲ. ಅಳೂನೂ ಬರಲ್ಲ."

ನೀರಿನ ಲೋಟ ಅವಳ ಕಡೆ ಸರಿಸಿದೆ.

"ಮಗೂದು ಅಂತ ನನ್ನ ಹತ್ರ ಬೇರೆ ಏನಿದೆ ಹೇಳಿ. ಫೋಟೋ ಇಲ್ಲ, ಹೆಸರಿಟ್ಟಿರಲಿಲ್ಲ. ಆ ದಿನ ಒಂದೇ ಇದ್ದಿದ್ದು."

ಆಮೇಲೆ ಹೇಳಿದಳು — "ಮೊಟ್ಟಮೊದಲು ಬಂದಾಗ ನಿಮ್ಮ ಮುಂದೆ ಎಲ್ಲ ಹೇಳಿದ್ನಲ್ಲ. ಆಗಿನ್ನೂ ನೀವು ತಿದ್ದಿರಲಿಲ್ಲ. ನಮ್ಮೆಜಮಾನರು ಈ ಮಾತು ಎತ್ತಿದ್ರೆ ಎದ್ದುಹೋಗ್ತಿದ್ರು, ಅವರಿಗೂ ಪೂರ್ತಿ ಹೇಳಿಲ್ಲ. ಕೇಳಿದ್ದು ನೀವೊಬ್ಬರೇ. ನಾನು ಹೇಗೆ ಹೇಳಿದ್ದೆ ಮೇಡಂ? ಸ್ವಲ್ಪ ಹೇಳ್ತೀರಾ?"

ಭಾನುವಾರ ಮನೆಗೆ ಬಾ, ಕೂತು ನಿಧಾನವಾಗಿ ಹೇಳ್ತೀನಿ ಅಂದೆ. ಎಲ್ಲ ನೆನಪಿರುವವಳ ಹಾಗೆ ಅಂದೆ.

ಮೇ 10

ಅವಳು ಮೊದಲು ಬಂದ ದಿನದ ಪುಟ ತೆಗೆದೆ. ಇಡೀ ಪುಟ ಟೀವಿ ಚರ್ಚೆಯ ಬಗ್ಗೆ. ಎದುರಿಗಿದ್ದ ಮಂತ್ರಿಯ ಬಾಯಿ ಮುಚ್ಚಿಸಿದ್ದು, ಆಮೇಲೆ ಯಾರು ಯಾರು ಫೋನ್ ಮಾಡಿದ್ದು. ಕೊನೆಯಲ್ಲಿ ಇಷ್ಟು: "ಹೊಸ ಕೇಸು, ಅಗ್ನಿಶಾಮಕ. ಗಟ್ಟಿಯಾಗಿದೆ. ಅಳು ಜಾಸ್ತಿ, ಸರಿ ಮಾಡಬೇಕು."

ಸರಿ ಮಾಡಿದೆ.

ಅಕ್ಕನಿಗೆ ಹೇಳಿದೆ. ಅವಳು ಈ ಸಲ ತಮಾಷೆ ಮಾಡಲಿಲ್ಲ. "ಗೊತ್ತಿರೋ ಅಷ್ಟು ಹೇಳು. ಇಲ್ಲದ್ದನ್ನ ಸೇರಿಸಬೇಡ, ನಿನಗೆ ಆ ಚಟ ಇದೆ" ಅಂದಳು. ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಈ ವಯಸ್ಸಿನಲ್ಲಿ. ನನಗೆ ಅಳು ಬರುತ್ತೆ, ಏಣಿಗೆ ಬರಲ್ಲ — ಎಂಥ ನ್ಯಾಯ ಇದು.

ಮೇ 12, ಭಾನುವಾರ, ಬೆಳಿಗ್ಗೆ

ಅವಳು ಬರುವ ಹೊತ್ತಾಯಿತು. ಆ ಮೊದಲ ದಿನದ್ದು ನೆನಪಾದಷ್ಟು ಬರೆದುಕೊಳ್ತೀನಿ. ಸೇರಿಸಲ್ಲ, ತಿದ್ದಲ್ಲ.

ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು. ಮೊದಲು ಹೇಳಿದ್ದು ಅಧಿಕಾರಿಯ ವಿಷಯ ಅಲ್ಲ. ಬೂಟು? ಹೌದು, ಬೂಟಿನ ಲೇಸು ಕಟ್ಟೋಕೆ ಬಗ್ಗಿದ್ದಳು, ಹೊಟ್ಟೆ ಹಿಡಿದ ಹಾಗಾಯಿತು ಅಂತ… ಅದು ಅವತ್ತೇನಾ, ಹಿಂದಿನ ದಿನವಾ. ನಾನು ಗಡಿಯಾರ ನೋಡಿದೆ, ಸ್ಟುಡಿಯೋದವರ ಕಾರು ಬರುವುದಿತ್ತು. ಪಂಪ್ ರೂಮಿನ ಹತ್ತಿರ ಆತ ಏನೋ ತಿನ್ನುತ್ತಿದ್ದನಂತೆ. ಇವಳು "ಸರ್" ಅಂದಳಂತೆ, ಸುಮ್ಮನಾದಳಂತೆ, ಮತ್ತೆ "ಸರ್" ಅಂದಳಂತೆ. ಸ್ಪಷ್ಟವಾಗಿ ಏನೂ ತಿಳಿಸಿರಲಿಲ್ಲ. ಗರ್ಭಿಣಿ ಅನ್ನೋ ಪದವೇ ಬಂದಿರಲಿಲ್ಲ ಬಾಯಲ್ಲಿ. ಬೇರೆ ಏನೋ ಅಂದಿದ್ದಳು. ನಾಚಿಕೆಯಿಂದ ಹೊಟ್ಟೆಯ ಮೇಲೆ ಕೈಯಿಟ್ಟು… ನನಗೆ ತೋರಿಸುವಾಗಲೂ ಹಾಗೇ ಇಟ್ಟುಕೊಂಡಳು, ಅಳ್ತಾನೇ ನಕ್ಕಳು. ಅಲ್ಲಿ ನಕ್ಕಳು, ಅದು ಚೆನ್ನಾಗಿ ನೆನಪಿದೆ. ಮಗುವನ್ನ ಏನೋ ಅಂತ ಕರೆದಳು. ಹೆಸರಲ್ಲ, ಮನೆಯಲ್ಲಿ ಮುದ್ದಿಗೆ ಕರೀತಾರಲ್ಲ, ಅಂಥದ್ದು. ಅದು ಕೋರ್ಟಿಗೆ ಬೇಡ ಅಂತ ನಾನೇ ತೆಗೆಸಿದ್ದು.

ಕಾಲಿಂಗ್ ಬೆಲ್ ಹೊಡೀತು. ಅಕ್ಕ ಬಾಗಿಲು ತೆಗೀತಿದ್ದಾಳೆ.

ಎರಡಕ್ಷರ. ಏನೋ ಎರಡಕ್ಷರ. "ಸರ್, ನನ್ನ ಹೊಟ್ಟೇಲಿ ಒಂದು —