ತಟ್ಟಿದರೆ ಬಿಡಬೇಕು

ಹಳೇನಗರ, ಭದ್ರಾವತಿ
ಗುರುವಾರ

ಜೂಡೋ ಮಾಸ್ಟರ್ ರೇಣುಕಾಪ್ರಸಾದ್ ಅವರಿಗೆ,

ನಮಸ್ಕಾರ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ಎಡಗೈಯಲ್ಲಿ ಬರೀತಿದೀನಿ. ಬಲ ಮೊಣಕೈಗೆ ಆರು ವಾರ ಪ್ಲಾಸ್ಟರ್. ನಿಜ ಹೇಳಿದರೆ ಕ್ಲಾಸ್ ಬಿಡಿಸ್ತಾರೆ ಅಂತ ಮನೆಯಲ್ಲಿ ಬಸ್ಸಿಂದ ಬಿದ್ದೆ ಅಂದಿದ್ದೇನೆ. ನಿಮ್ಮ ಮುಂದೆ ಆ ಸುಳ್ಳು ನಡೆಯಲ್ಲ. ನೀವು ಎದುರಿಗೇ ನಿಂತಿದ್ದಿರಿ.

ಜ್ಞಾನೇಶ್ ನನ್ನ ಕೈ ತಿರುಚಿ ಹಿಡಿದಾಗ ಮ್ಯಾಟ್ ಮೇಲೆ ಮೂರು ಸಲ ತಟ್ಟಿದೆ. ತಟ್ಟಿದರೆ ಬಿಡಬೇಕು, ನೀವು ಕಲಿಸಿದ ಮೊದಲ ಪಾಠವೇ ಅದು. ಅವನು ಬಿಡಲಿಲ್ಲ. "ಏನ್ ಮಾರಾಯ್ತಿ, ಇಷ್ಟಕ್ಕೇ ಅಳ್ತೀಯಾ?" ಅಂತ ನಕ್ಕ. ನೀವೂ ನಕ್ಕಿರಿ. "ಮೆಡಲ್ ತರೋ ಹುಡುಗ, ಸ್ವಲ್ಪ ಜೋರು" ಅಂದಿರಿ. ಯಾರ ಮೂಳೆ ಮುರಿದು ತರುವ ಮೆಡಲ್ ಅದು, ಮಾಸ್ಟರ್?

ನನ್ನ ತಪ್ಪೂ ಇದೆ. ಆಟ ಮುಗಿದ ಮೇಲೆ ಎದುರಾಳಿಗೆ ಬಾಗಿ ವಂದಿಸುವುದು ನಮ್ಮ ರೂಢಿ. ಕೈ ಜೋತಾಡುತ್ತಿದ್ದರೂ ನಾನು ಅವನಿಗೆ ಬಾಗಿದೆ. ಹೊಸದಾಗಿ ಸೇರಿದ ಸೌಂದರ್ಯ ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳಿಗೆ ಹದಿನೈದು ವರ್ಷ.

ಭಾನುವಾರ ಅವಳಿಗೆ ಜ್ಞಾನೇಶನೇ ಜೋಡಿ ಅಂತ ಗ್ರೂಪಲ್ಲಿ ಹಾಕಿದ್ದೀರಿ. ಆ ಜೋಡಿ ಬದಲಿಸಿ. ತಟ್ಟಿದ ಮೇಲೂ ಬಿಡದವನನ್ನು ಮ್ಯಾಟ್‌ನಿಂದ ಇಳಿಸಿ.

ನೀವು ಬದಲಿಸದಿದ್ದರೆ ಮನೆಯಲ್ಲಿ ನಿಜ ಹೇಳಿ ಭಾನುವಾರ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ, ನಿಮ್ಮ ಕ್ಲಾಸಿಗೆ ಬರುತ್ತೇನೆ. ಅವರಿಬ್ಬರ ನಡುವೆ ಮ್ಯಾಟ್ ಮೇಲೆ ಕೂರುತ್ತೇನೆ. ಎಬ್ಬಿಸಲು ಅವನೇ ಬರಲಿ, ಈ ಸಲ ಬಾಗುವುದಿಲ್ಲ. ಅದನ್ನೂ ಆ ಹುಡುಗಿ ನೋಡಲಿ.

ಇನ್ನೂ ನಿಮ್ಮ ಶಿಷ್ಯೆಯೇ ಆಗಿರುವ,
ಸಂಧ್ಯಾ