ಕೊನೆಯ ಭಾಗ ನನ್ನ ಬಳಿ ಇದೆ

ತೈನಾನ್

ಮಗು ಕುವಾನ್-ಲಿನ್,

ಬಾಡಿಗೆ ಪುಸ್ತಕದಂಗಡಿಯ ಪುಸ್ತಕಗಳಲ್ಲಿ ಚೀಟಿಯಿಟ್ಟು ನೀನೂ ನನ್ನ ಮಗಳು ಶಿನ್-ರೂನೂ ಇಷ್ಟದ ಲೇಖಕರ ಹೆಸರು ಹೇಳಿಕೊಳ್ಳುತ್ತೀರಲ್ಲ, ಈಗ ಆ ಚೀಟಿಗಳನ್ನು ಆಸ್ಪತ್ರೆಗೆ ಒಯ್ಯುವವಳು ನಾನೇ.

ಅವಳಿಗೆ ಮೀನಿನ ಗಂಜಿಯೂ ಸೇರುತ್ತಿಲ್ಲ. "ಡ್ರ್ಯಾಗನ್ ಸರಣಿಯ ಕೊನೇ ಭಾಗ ಒಂದು ಓದಿಬಿಡ್ತೀನಮ್ಮಾ, ಆಮೇಲೆ ಈ ಚಿಕಿತ್ಸೆ ಸಾಕು" ಅನ್ನುತ್ತಾಳೆ. ಅದಿನ್ನೂ ಅಚ್ಚಾಗಿಲ್ಲ ಎಂದು ಸುಳ್ಳು ಹೇಳಿದ್ದೇನೆ.

ನೀನೂ ಅದಕ್ಕೇ ಕಾಯುತ್ತಿರಬೇಕು, ಕ್ಷಮಿಸು. ಪುಸ್ತಕ ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿದೆ. "ಏನಕ್ಕಾ, ಒಂದು ಪುಸ್ತಕ ಓದೋಕೆ ಇಷ್ಟು ದಿನವಾ?" ಎಂದು ಅಂಗಡಿಯವನು ಹಂಗಿಸುತ್ತಾನೆ.

ನೀನು ಬಾಯಿ ಬಿಡಬೇಡ. ಮುಂದಿನ ಚೀಟಿಯಲ್ಲಿ ಅವಳಿಗೊಂದು ಹೊಸ ಸರಣಿ ಹೇಳು. ಬರೆಯುವವರು ಚಿಕ್ಕ ವಯಸ್ಸಿನವರಾಗಿರಲಿ. ಕಥೆ ಸದ್ಯಕ್ಕೆ ಮುಗಿಯುವಂಥದ್ದು ಬೇಡ.

ಶಿನ್-ರೂ ಅಮ್ಮ