ಹನ್ನೆರಡರ ನಂತರ ಹುಟ್ಟಿದವರು

5 ಜೂನ್ 1989, ಸೋಮವಾರ, ರಾಯಚೂರು

ಹತ್ತಕ್ಕೆ ಆಫೀಸು. ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಧೂಳು ಒರೆಸಿದೆ. ಶನಿವಾರ ಬೆಂಗಳೂರಿನ ಎಂಜಿನಿಯರ್ ಹೊಸ ಸಾಫ್ಟ್‌ವೇರ್ ಹಾಕಿದ್ದಾರೆ. ಹೆಣ್ಣುಮಕ್ಕಳ ಹಾಸ್ಟೆಲ್ ಸೀಟಿನ ಪಟ್ಟಿ ತೆಗೆದೆ — ದೇವದುರ್ಗ, ಮಾನ್ವಿ, ಎರಡೂ ತಾಲ್ಲೂಕು. ಮೇ ತಿಂಗಳೆಲ್ಲ ಕೂತು ಟೈಪ್ ಮಾಡಿದವಳು ನಾನೇ. 418 ಹೆಸರು.

ಈಗ 263. ಮುಚ್ಚಿ ಮತ್ತೆ ತೆಗೆದೆ. 263.

6 ಜೂನ್

ಎಂಜಿನಿಯರ್ ಇನ್ನೂ ಲಾಡ್ಜಿನಲ್ಲೇ ಇದ್ದರು. ಬಂದರು. ಐದು ನಿಮಿಷ ನೋಡಿದರು. "ಆಪರೇಟರ್ ತಪ್ಪು. ಟೈಪ್ ಮಾಡುವಾಗಲೇ ಬಿಟ್ಟಿದ್ದಾರೆ." ನನ್ನೆದುರೇ ಹೇಳಿದ್ದು, ನನಗಲ್ಲ — ಸೂಪರಿಂಟೆಂಡೆಂಟ್ ಹನುಮಂತ್ರಾಯರಿಗೆ.

"ಶೇಖಮ್ಮ, ಗುರುವಾರ ಪಟ್ಟಿ ಬೋರ್ಡಿಗಿ ಹಚ್ಚಬೇಕು. ಎಷ್ಟು ಅದಾವೋ ಅಷ್ಟೇ ಹಚ್ಚಿಬಿಡು" ಅಂದರು ಹನುಮಂತ್ರಾಯರು.

"ಉಳಿದ ಹುಡುಗ್ಯಾರು, ಸರ್?"

"ಮುಂದಿನ ವರ್ಷ ನೋಡೂಣು."

ಮುಂದಿನ ವರ್ಷ! ಏಳನೇ ಕ್ಲಾಸು ಮುಗಿಸಿದ ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತರೆ ಕೊರಳಿಗೆ ತಾಳಿ ಬಿದ್ದಿರುತ್ತದೆ. ನಮ್ಮೂರು ಮಲ್ಲಟದಲ್ಲಿ ನನ್ನ ಜೊತೆಯವರಿಗೆಲ್ಲ ಬಿತ್ತು. ನನಗೆ ಹಾಸ್ಟೆಲ್ ಸಿಕ್ಕಿತ್ತು, ಉಳಿದೆ.

"ಹಚ್ಚಂಗಿಲ್ರಿ" ಅಂದೆ. ಅಂದುಬಿಟ್ಟೆ.

7 ಜೂನ್, ಮಧ್ಯಾಹ್ನ

ಜಾಲಹಳ್ಳಿಯ ಮೌನಪ್ಪ ಎಂಬವರು ಬಂದಿದ್ದರು, ಮಗಳು ಬಂಡೆಮ್ಮನ ಹೆಸರು ಕೇಳಲು. ಪಟ್ಟಿಯಲ್ಲಿಲ್ಲ. "ಹ್ವಾದ ತಿಂಗಳ ಬಂದಾಗ ಹೆಸ್ರು ಅದ ಅಂದಿದ್ರೆವ್ವಾ..."

"ಕೂಡ್ರಿ ಯಪ್ಪಾ" ಅಂದು ಅವಳ ಅರ್ಜಿ ಹುಡುಕಿದೆ. ಹುಟ್ಟಿದ್ದು 19-3-76. ಬಿಟ್ಟುಹೋದ ಇನ್ನೊಬ್ಬಳದು 23-8. ಮತ್ತೊಬ್ಬಳದು 14-1... ಏನೋ ಹೊಳೆಯಿತು. ಟೈಪಿಸ್ಟ್ ವಾಹಿದಾಳನ್ನು ಕರೆದೆ. ಅವಳು ಓದುತ್ತ ಹೋದಳು, ನಾನು ಗುರುತು ಹಾಕುತ್ತ ಹೋದೆ. ಕಾಣೆಯಾದ 155 ಜನರಲ್ಲಿ ಒಬ್ಬಳೂ ಹನ್ನೆರಡನೇ ತಾರೀಖಿನೊಳಗೆ ಹುಟ್ಟಿಲ್ಲ. ಪಟ್ಟಿಯಲ್ಲಿ ಉಳಿದವರಲ್ಲಿ ಮುಕ್ಕಾಲು ಪಾಲು ಹೆಡ್‌ಮಾಸ್ತರು ಕೊಟ್ಟ ತಾರೀಖಿನವರು — ಜೂನ್ ಒಂದು. ಈಗ ಕಂಪ್ಯೂಟರಿನಲ್ಲಿ ಅವರೆಲ್ಲ ಜನವರಿ ಆರಕ್ಕೆ ಹುಟ್ಟಿದ್ದಾರೆ!

ನಮ್ಮ ಫೈಲಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಫೈಲ್ ಓದಿಕೊಡುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಹೊಸ ಸಾಫ್ಟ್‌ವೇರಿನ ಡ್ರೈವರ್ ತಿಂಗಳು ಮೊದಲು ಎಂದು ಓದುತ್ತದೆ. ಹತ್ತೊಂಬತ್ತನೇ ತಿಂಗಳು ಎಲ್ಲಿದೆ? ಹೆಸರನ್ನೇ ಬಿಟ್ಟುಬಿಡುತ್ತದೆ.

ವಾಹಿದಾ ನಕ್ಕಳು. "ಡ್ರೈವರ್ ಹಾದಿ ತಪ್ಪಿದ್ರ ಬಸ್ಸಿನಾಗ ಕುಂತವರದೇನು ತಪ್ಪಬೇ?"

8 ಜೂನ್, ರಾತ್ರಿ

ಹಳೆಯ ಸಾಫ್ಟ್‌ವೇರ್ ಇರುವ ಫ್ಲಾಪಿ ಮುಟ್ಟಬೇಡಿ ಅಂದಿದ್ದರು ಎಂಜಿನಿಯರ್. ಮುಟ್ಟಿದೆ. ಅವರ ಮುಂದೆಯೇ. ಹಳೆಯ ಸಾಫ್ಟ್‌ವೇರಿನಲ್ಲಿ ಅದೇ ಫೈಲ್ — 418. ಹೊಸದರಲ್ಲಿ — 263. ಮತ್ತೆ ಹಳೆಯದು — 418. ಎಂಜಿನಿಯರ್ ಕನ್ನಡಕ ತೆಗೆದು ಒರೆಸಿದರು. "ಬೇರೆ ಡ್ರೈವರ್ ತರಿಸಬೇಕು. ಹದಿನೈದು ದಿನ ಆಗುತ್ತೆ."

"ಅಲ್ಲೀತನಕ ಹಳೇದು ಇರ್ಲಿ ಬಿಡ್ರಿ."

ಹನುಮಂತ್ರಾಯರು ಹೂಂ ಅಂದರು. ಪ್ರಿಂಟರ್ ಗರಗರ ಅಂದಿತು. ಸಂಜೆ ನಾಲ್ಕಕ್ಕೆ 418 ಹೆಸರೂ ಬೋರ್ಡಿನ ಮೇಲೆ. ಮೌನಪ್ಪ ಊರಿಗೆ ಹೋಗಿರಲಿಲ್ಲ. ಓದು ಬಾರದು. ಬಂಡೆಮ್ಮನ ಹೆಸರು ಬೆರಳಿಟ್ಟು ತೋರಿಸಿದೆ. ಅವರೂ ಅಲ್ಲೇ ಬೆರಳಿಟ್ಟರು, ಬಹಳ ಹೊತ್ತು ತೆಗೆಯಲಿಲ್ಲ.

19 ಜೂನ್

ಎಂಜಿನಿಯರರ ವರದಿ ಬಂತು. 'ಆಪರೇಟರ್ ತಪ್ಪಿನಿಂದಾದ ತೊಂದರೆ ಸರಿಪಡಿಸಲಾಗಿದೆ.' ಕೆಳಗೆ ನನ್ನ ಸಹಿ ಬೇಕಂತೆ!

"ಹಾಕಿಬಿಡವ್ವಾ" ಅಂದರು ಹನುಮಂತ್ರಾಯರು. "ನೀ ಇನ್ನಾ ಟೆಂಪರರಿ. ಹುಡುಗ್ಯಾರಿಗಂತೂ ಸೀಟು ಸಿಕ್ತಲ್ಲ."

"ತಪ್ಪು ಯಾರದಂತ ಬರೀದಿದ್ರ ಯಾರು ತಿದ್ದತಾರ್ರಿ? ಬರೋ ವರ್ಷಾನೂ ಇದೇ ಬರ್ತದ."

ಪೆನ್ನು ನನ್ನ ಕಡೆ ತಳ್ಳಿದರು. ತೆಗೆದುಕೊಂಡೆ. 'ಆಪರೇಟರ್' ಹೊಡೆದುಹಾಕಿದೆ. ಮೇಲೆ 'ಡ್ರೈವರ್' ಅಂತ ಬರೆದೆ. ಆಮೇಲೆ ಸಹಿ. ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ.

21 ಜೂನ್

ನೋಟಿಸು. ಸರ್ಕಾರಿ ದಾಖಲೆ ತಿದ್ದಿದ್ದಕ್ಕೆ ಶುಕ್ರವಾರದೊಳಗೆ ಲಿಖಿತ ವಿವರಣೆ. ಕೆಲಸ ಹೋದರೂ ಹೋಗಬಹುದು.

"ವಿವರಣೆ ಎಷ್ಟು ಸಾಲು?" ಅಂತ ವಾಹಿದಾ. ಒಂದೇ ಸಾಕು ಅಂದಿದ್ದೆ. ಈಗ ಸಾಲದು ಅನ್ನಿಸುತ್ತಿದೆ. 155 ಹೆಸರೂ ಹಾಕಬೇಕು, ಹುಟ್ಟಿದ ತಾರೀಖು ಸಮೇತ. ಮೂರು ಕಾಪಿ — ಒಂದು ಬೆಂಗಳೂರಿನ ಹೆಡ್ ಆಫೀಸಿಗೆ. ವಾಹಿದಾ ಮಷೀನಿಗೆ ಹಾಳೆ ಏರಿಸಿ ಕರೆಯುತ್ತಿದ್ದಾಳೆ. ಮೊದಲನೇ ಹೆಸರು —